ಹುಂಜದ ಕೆಮ್ಮು

ಕುಂದಾಣದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ದಾರಿಯಲ್ಲಿ, ರಾಗಿ ಹೊಲಕ್ಕೂ ದ್ರಾಕ್ಷಿ ತೋಟಕ್ಕೂ ನಡುವೆ ಉದ್ದಕ್ಕೆ ಬಿದ್ದುಕೊಂಡಿರುವ ಒಂದು ಜಮೀನಿಗೆ ‘ಏವಿಯೇಷನ್ ಅಕಾಡೆಮಿ’ ಎಂದು ಬೋರ್ಡು ಹಾಕಿದ್ದಾರೆ. ಬೋರ್ಡು ರನ್‌ವೇಗಿಂತ ಸ್ವಲ್ಪ ಚಿಕ್ಕದು, ಅಷ್ಟೆ. ಒಳಗೆ ಹೋದರೆ ಒಂದು ತಗಡಿನ ಶೆಡ್ಡು, ಗಾಳಿ ಬೀಸಿದರೂ ಬೀಸದಿದ್ದರೂ ಜೋತುಬಿದ್ದೇ ಇರುವ, ಗಾಳಿಯ ದಿಕ್ಕು ತೋರಿಸಬೇಕಾದ ಒಂದು ಗಾಳಿಚೀಲ, ಮತ್ತು ಇಬ್ಬರು ಮೈಗೆ ಮೈ ಒತ್ತಿ ಕೂರಬಹುದಾದ ಒಂದೇ ಒಂದು ಪುಟ್ಟ ವಿಮಾನ. ದೇವನಹಳ್ಳಿಯಿಂದ ಎದ್ದ ದೊಡ್ಡ ವಿಮಾನಗಳು ತಲೆಯ ಮೇಲೆ ದುಬೈಗೋ ದೆಹಲಿಗೋ ಹೋಗುತ್ತಿದ್ದರೆ, ಇದು ರಾಜಘಟ್ಟದವರೆಗೆ ಹೋಗಿ, ಏನೋ ಮರೆತವರ ಹಾಗೆ ತಿರುಗಿ ವಾಪಸ್ಸು ಬರುತ್ತದೆ. ಗಲಾಟೆ ಜಾಸ್ತಿ, ಹಾರುವುದು ಕಡಿಮೆ ಎಂದು ಸುತ್ತಲಿನ ಹಳ್ಳಿಯವರು ಅದಕ್ಕೆ ಹುಂಜ ಎಂದು ಹೆಸರಿಟ್ಟಿದ್ದರು. ಅಕಾಡೆಮಿಯವರೂ ಸ್ವಲ್ಪ ದಿನ ಬೇಜಾರು ಮಾಡಿಕೊಂಡು, ಆಮೇಲೆ ಹಾಗೇ ಕರೆಯತೊಡಗಿದರು.

ಈ ಹುಂಜಕ್ಕೆ ಈಚೆಗೆ ಕೆಮ್ಮು ಶುರುವಾಗಿತ್ತು. ಅದೂ ಪದ್ಮಶ್ರೀಯ ಕೈಯಲ್ಲಿದ್ದಾಗ ಮಾತ್ರ.

ಪದ್ಮಶ್ರೀ ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವಳು. ಬೇರೆಯವರು ಸರಿಯಾಗಿದೆ ಎಂದದ್ದನ್ನು ಸರಿಯಿಲ್ಲವೇನೋ ಎಂದು ನೋಡುವುದಕ್ಕೆ ಅವಳಿಗೆ ಸಂಬಳ ಕೊಡುತ್ತಿದ್ದರು. ಕೊಡದಿದ್ದರೂ ಅವಳು ನೋಡುತ್ತಿದ್ದಳು. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಗೇಟಿನವರೆಗೆ ಹೋಗಿ, ವಾಪಸ್ಸು ಬಂದು ಇನ್ನೊಮ್ಮೆ ಎಳೆದು ನೋಡುವ ಪೈಕಿ. ಇಂಥವಳು ವಿಮಾನ ಹಾರಿಸಲು ಯಾಕೆ ಹೊರಟಳು ಎಂದು ಅವಳ ತಾಯಿ ಮುನಿತಾಯಮ್ಮ ಕೇಳದ ವಾರವಿರಲಿಲ್ಲ. ಪದ್ಮಶ್ರೀಯ ಉತ್ತರ ಸರಳವಾಗಿತ್ತು: ಬಸ್ಸಿನಲ್ಲಿ ಕೂತರೆ ಡ್ರೈವರ್ ಏನು ಮಾಡುತ್ತಿದ್ದಾನೋ ಎಂಬ ಭಯ, ಇಲ್ಲಾದರೆ ಡ್ರೈವರ್ ತಾನೇ.

ಭಾನುವಾರ ಭಾನುವಾರ ಬಂದು, ಕಲಿಯಬೇಕಾದದ್ದನ್ನೆಲ್ಲ ಅವಳು ಕಲಿತಾಗಿತ್ತು. ಉಳಿದದ್ದು ಒಂದೇ, ಸೋಲೋ. ಕಲಿಸುವವರು ಕೆಳಗಿಳಿದು ನಿಲ್ಲುತ್ತಾರೆ, ಕಲಿಯುವವರು ಒಬ್ಬರೇ ಒಂದು ಸುತ್ತು ಹಾರಿ ಇಳಿಯುತ್ತಾರೆ. ಅದಾಗದಿದ್ದರೆ ಇಲ್ಲಿಯವರೆಗೆ ಮಾಡಿದ್ದೆಲ್ಲ ಜೋಕಾಲಿ ಆಡಿದ ಲೆಕ್ಕ.

ಕಲಿಸುವವರು ಕ್ಯಾಪ್ಟನ್ ಉಮಾಶಂಕರ್. ಅವರು ರಿಟೈರಾಗಿ ಬಹಳ ಕಾಲವಾಗಿತ್ತು, ಮೀಸೆ ಮಾತ್ರ ಇನ್ನೂ ಸರ್ವಿಸ್‌ನಲ್ಲಿತ್ತು. ಹಿಂದಿನ ಭಾನುವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪದ್ಮಶ್ರೀ ಮೇಲೇರುತ್ತಿದ್ದಾಗ, ದ್ರಾಕ್ಷಿ ತೋಟದ ಬೇಲಿ ದಾಟಿದ ಕೂಡಲೇ ಎಂಜಿನ್ ಗಂಟಲು ಕಟ್ಟಿದ ಹಾಗೆ ಕೆಮ್ಮಿತು. ಒಮ್ಮೆ, ಇನ್ನೊಮ್ಮೆ. ಕ್ಯಾಪ್ಟನ್, “ಕೊಡಮ್ಮ ಇಲ್ಲಿ” ಎಂದು ಎರಡೂ ಕೈ ಮುಂದೆ ಮಾಡಿದರು. ಒಂದು ಕೈ ಸೀಟುಗಳ ಮಧ್ಯದಲ್ಲೆಲ್ಲೋ ಆಡಿತು, ಇನ್ನೊಂದು ವಿಮಾನ ತಿರುಗಿಸುವ ಕೋಲು ಹಿಡಿಯಿತು. ಹುಂಜ ಕೆಮ್ಮು ನಿಲ್ಲಿಸಿ ಒಳ್ಳೆಯ ಮನೆತನದ ಹುಂಜದ ಹಾಗೆ ಗುರುಗುಟ್ಟುತ್ತ ಮೇಲೇರಿತು.

“ನೋಡಿದ್ಯಾ? ನನ್ನ ಕೈಗೆ ಬಂದ ತಕ್ಷಣ ಸುಮ್ಮನಾಯ್ತು,” ಎಂದರು ಇಳಿದ ಮೇಲೆ. “ಎಂಜಿನ್ ಕೆಮ್ಮಿಲ್ಲ ಕಣಮ್ಮ, ಕೆಮ್ಮಿದ್ದು ನೀನು.”

“ಸರ್, ಎಂಜಿನ್ ಆರ್‌ಪಿಎಂ ಮುಳ್ಳು ಕೆಳಗೆ ಬಿತ್ತು. ನಾನು ನೋಡ್ದೆ.”

“ನೀನು ಹಂಗೆ ದುರುಗುಟ್ಕೊಂಡು ನೋಡ್ತಾ ಇದ್ರೆ ಬೀಳದೆ ಇನ್ನೇನು ಮಾಡುತ್ತೆ ಪಾಪ. ಇದೆಲ್ಲ ಕೈಗುಣ. ವಾರವೆಲ್ಲ ನಾನು ಹಾರಿಸ್ತೀನಿ, ಒಂದಿನ ಕೆಮ್ಮಿಲ್ಲ. ನೀನು ಹತ್ತಿದಾಗಲೇ ಅದಕ್ಕೆ ನೆಗಡಿ ಆಗುತ್ತೆ ಅಂದ್ರೆ ಏನರ್ಥ?” ಕ್ಯಾಪ್ಟನ್ ಮೀಸೆಯನ್ನು ಸರಿಮಾಡಿಕೊಂಡರು. “ಮುಂದಿನ ಭಾನುವಾರ ಒಂದು ನೋಡೋಣ. ಆಗಲೂ ಕೆಮ್ಮಿದ್ರೆ ಸೋಲೋ ಮಾತು ಬಿಟ್ಬಿಡು. ಎಲ್ರೂ ಹಾರಲೇಬೇಕು ಅಂತೇನಿಲ್ಲ. ಕೆಳಗೆ ನಿಂತು ಕೈಬೀಸೋರೂ ಬೇಕಲ್ಲ.”

ವಾರವಿಡೀ ಪದ್ಮಶ್ರೀ ತನ್ನ ಕೈಯನ್ನೇ ನೋಡಿಕೊಂಡಳು. ಈ ಕೈಯಲ್ಲಿ ಹಾಕಿದ ಹೆಪ್ಪು ಗಟ್ಟಿಯಾಗುತ್ತಿತ್ತು, ನೆಟ್ಟ ದಾಸವಾಳ ಚಿಗುರುತ್ತಿತ್ತು. ವಿಮಾನಕ್ಕೆ ಮಾತ್ರ ಏನಾಗಿದೆ? ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಸೋಲೋ ಸಿಗದಿದ್ದರೆ ಅವಮಾನ, ಸರಿ; ಸಿಕ್ಕಿಬಿಟ್ಟರೆ? ತೋಟದ ಬೇಲಿಯ ಮೇಲೆ ಅದು ಕೆಮ್ಮಿದಾಗ ಪಕ್ಕದ ಸೀಟಿನಲ್ಲಿ ಕೈಗುಣವಿರುವ ಕೈ ಇರುವುದಿಲ್ಲ.

ಭಾನುವಾರ ಬೆಳಗ್ಗೆ ಅವಳು ಹುಂಜದ ಹತ್ತಿರ ಹೋಗುವ ಬದಲು ನೇರ ಶೆಡ್ಡಿಗೆ ಹೋದಳು. ಮೆಕ್ಯಾನಿಕ್ ಬೈರೇಶ್ ತಟ್ಟೆ ಇಡ್ಲಿಯ ಪೊಟ್ಟಣ ಬಿಚ್ಚುತ್ತಿದ್ದ. ಅವನು ರಾಜಘಟ್ಟದವನು, ಅವಳ ವಾರಿಗೆಯವನು. ವಿಮಾನದ ಎಂಜಿನ್ನಿನ ಲೈಸೆನ್ಸು ಪಡೆದವನಾದರೂ ಊರವರು ಅವನ ಹತ್ತಿರ ತರುತ್ತಿದ್ದದ್ದು ಬೋರ್‌ವೆಲ್ ಮೋಟಾರು.

“ಬೈರೇಶ್, ನನಗೆ ಫಿಲ್ಟರ್ ಬಿಚ್ಚಿ ತೋರಿಸ್ಬೇಕು.”

“ಹೋದ ವಾರವೇ ಬಿಚ್ಚಿ ನೋಡೀವ್ನಿ ಮೇಡಮ್ಮೋರೆ. ಪ್ಲಗ್ಗು ನೋಡ್ದೆ, ಪೆಟ್ರೋಲಲ್ಲಿ ನೀರು ಐತಾ ಅಂತ ನೋಡ್ದೆ, ಎಂಜಿನ್ ಹತ್ತು ನಿಮಿಷ ಓಡಿಸ್ದೆ. ಗಡಿಯಾರ ಇದ್ದಂಗೆ ಓಡ್ತು.”

“ಹಾಗಾದ್ರೆ ಕೆಮ್ಮು?”

“ಈಗಿನ ಪೆಟ್ರೋಲಿಗೆ ಕಬ್ಬಿನ ಸ್ಪಿರಿಟ್ ಬೆರೆಸ್ತಾರಲ್ಲ. ನಮ್ಮ ಹುಂಜ ಕೆಮ್ತಾ ಇಲ್ಲ, ಸ್ವಲ್ಪ ತಗೊಂಡು ತೂರಾಡ್ತಾ ಐತೆ.”

“ವಾರದ ದಿನ ಬಿಟ್ಟು ಭಾನುವಾರ ಮಾತ್ರ ತಗೊಳ್ಳುತ್ತಾ?”

“ಎಲ್ರೂ ಹಂಗೇ ತಾನೆ,” ಎಂದ ಬೈರೇಶ್. ಆದರೂ ಇಡ್ಲಿ ಮುಚ್ಚಿಟ್ಟು ಎದ್ದ. ಪದ್ಮಶ್ರೀ ಒಮ್ಮೆ ಕೇಳಿದ್ದನ್ನು ಮತ್ತೆ ಮತ್ತೆ, ಅದೇ ಮೆಲುದನಿಯಲ್ಲಿ, ಊಟದ ಹೊತ್ತಿನವರೆಗೂ ಕೇಳಬಲ್ಲಳು ಎಂಬುದು ಅವನಿಗೆ ಗೊತ್ತಿತ್ತು.

ಅವರಿಬ್ಬರೂ ಹುಂಜದ ಮೂತಿಯ ಮುಚ್ಚಳ ಎತ್ತುವಾಗ ಆಂಜಿನಪ್ಪ ಬಂದು ನಿಂತ. ಕಾವಲು, ಕಸ ಗುಡಿಸುವುದು, ರನ್‌ವೇ ಮೇಲಿನ ದನ ಓಡಿಸುವುದು, ಬಂಕಿನಿಂದ ಕ್ಯಾನಿನಲ್ಲಿ ಪೆಟ್ರೋಲ್ ತಂದು ಟ್ಯಾಂಕಿಗೆ ತುಂಬುವುದು ಎಲ್ಲ ಅವನದೇ. ಮುನಿತಾಯಮ್ಮನ ತವರು ಕುಂದಾಣ, ಆಂಜಿನಪ್ಪನದೂ ಅದೇ ಊರು, ಅದೇ ಬೀದಿ. ಹಾಗಾಗಿ ಅವನು ಪದ್ಮಶ್ರೀಗೆ ಮಾವ, ಅವಳು ಅವನಿಗೆ ಅಕ್ಕನ ಮಗಳು. ಅಕಾಡೆಮಿಯಲ್ಲಿ ಅವಳ ಪರ ನಿಂತಿದ್ದ ಒಬ್ಬನೇ ಒಬ್ಬ ಮನುಷ್ಯ ಅವನು.

“ಫಿಲ್ಟರೂ ಇಲ್ಲ ಏನೂ ಇಲ್ಲ,” ಎಂದ ಆಂಜಿನಪ್ಪ. “ದೃಷ್ಟಿ ಆಗೈತೆ. ಹೆಣ್ಣುಮಗಳು ಆಕಾಸಕ್ಕೆ ಹೋಗೋದು ನೋಡಕ್ಕೆ ಆಗದೋರು ಎಷ್ಟು ಜನ ಇಲ್ಲ. ಒಂದು ಬೂದುಗುಂಬಳಕಾಯಿ ಒಡೆದ್ರೆ ಆಯ್ತು.”

“ಎಲ್ಲಿ ಒಡಿತೀಯ ಮಾವ, ಫ್ಯಾನಿಗಾ?” ಎಂದ ಬೈರೇಶ್.

ಫಿಲ್ಟರ್ ಇದ್ದದ್ದು ಒಂದು ಪುಟ್ಟ ಬಟ್ಟಲಿನೊಳಗೆ. ಎರಡು ರೆಕ್ಕೆಗಳಲ್ಲಿ ಎರಡು ಟ್ಯಾಂಕು. ಎರಡರ ಕೊಳವೆಯೂ ಸೀಟುಗಳ ಮಧ್ಯದ ಒಂದು ತಿರುಪಿಗೆ ಬಂದು, ಅಲ್ಲಿಂದ ಒಂದೇ ಕೊಳವೆಯಾಗಿ ಈ ಬಟ್ಟಲಿಗೆ, ಬಟ್ಟಲಿನಿಂದ ಎಂಜಿನ್ನಿಗೆ. ತಿರುಪನ್ನು ಎಡಕ್ಕೆ ತಿರುಗಿಸಿದರೆ ಎಡ ಟ್ಯಾಂಕು, ಬಲಕ್ಕೆ ತಿರುಗಿಸಿದರೆ ಬಲ ಟ್ಯಾಂಕು. ಬೈರೇಶ್ ಬಟ್ಟಲು ಬಿಚ್ಚಿ, ಜಾಲರಿಯನ್ನು ಬಿಳಿ ಕಾಗದದ ಮೇಲೆ ತಟ್ಟಿದ. ಹತ್ತಿಯ ಧೂಳಿನಂಥದ್ದು ಸ್ವಲ್ಪ ಬಿತ್ತು. ಅದರ ನಡುವೆ ಏನೋ ಒಂದು ಚೂರು ಬಿಸಿಲಿಗೆ ಮಿನುಗಿತು.

ಬೈರೇಶನ ಮುಖದಲ್ಲಿದ್ದ ತಮಾಷೆ ಅಲ್ಲೇ ಇಳಿದುಹೋಯಿತು. “ಹಿತ್ತಾಳೆ.”

“ಅಂದ್ರೆ?”

“ಪಂಪೋ ಏನೋ ಒಳಗೇ ತೇಯ್ತಾ ಐತೆ.” ಅವನು ಅಯಸ್ಕಾಂತ ತಂದು ಹಿಡಿದ. ಚೂರು ಅಂಟಲಿಲ್ಲ. “ಕಬ್ಬಿಣ ಅಲ್ಲ. ಹಿತ್ತಾಳೆನೇ. ಹಂಗಾದ್ರೆ ಇದು ಹಾರಂಗಿಲ್ಲ. ಎಲ್ಲ ಬಿಚ್ಚಿ ಕಂಪನಿಗೆ ಕಳಿಸ್ಬೇಕು.”

ಕ್ಯಾಪ್ಟನ್ ಕಾಫಿ ಲೋಟ ಹಿಡಿದು ಬಂದವರು ಕಾಗದದ ಮೇಲೆ ಬಗ್ಗಿದರು. ಅವರ ಮೀಸೆಗೂ ಇದು ಹೊಸ ಸುದ್ದಿಯಾಗಿತ್ತು. “ಕಳಿಸಿದ್ರೆ ವಾಪಸ್ ಬರೋದು ಯಾವಾಗ?”

“ಈ ವರ್ಷ ಅಂತ ಹೇಳೋಕಾಗಲ್ಲ ಸರ್.”

ಅಲ್ಲಿಗೆ ಸೋಲೋ ಮುಗಿದ ಹಾಗೇ. ವರ್ಷ ಕಳೆದ ಮೇಲೆ ಮತ್ತೆ ಮೊದಲಿಂದ ಶುರುಮಾಡುವ ಧೈರ್ಯ ತನ್ನಲ್ಲಿ ಉಳಿದಿರುತ್ತದೆ ಎಂದು ಪದ್ಮಶ್ರೀ ನಂಬಲಿಲ್ಲ. ತನ್ನ ಧೈರ್ಯ ಹಾಲಿನಂಥದ್ದು, ಅವತ್ತಿನದನ್ನು ಅವತ್ತೇ ಕಾಯಿಸಬೇಕು ಎಂಬುದು ಅವಳಿಗೆ ತಿಳಿದಿತ್ತು. ಎಂಜಿನ್ ನಿಜವಾಗಿಯೂ ಕೆಮ್ಮಿತ್ತು ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದಕ್ಕೆ ಖುಷಿಪಡಬೇಕೋ ಬೇಡವೋ ತಿಳಿಯದೆ ಅವಳು ಆ ಚೂರನ್ನು ಉಗುರಿನ ತುದಿಯಿಂದ ತೆಗೆದುಕೊಂಡಳು.

ಚೂರು ಮುರಿಯಲಿಲ್ಲ, ಬಾಗಿತು. ಇನ್ನೊಮ್ಮೆ ಬಾಗಿಸಿದಳು. ಕಾರ್ಖಾನೆಯ ಅಭ್ಯಾಸದಿಂದ ಪರ್ಸಿನಲ್ಲಿಟ್ಟುಕೊಂಡಿದ್ದ ಭೂತಗನ್ನಡಿ ತೆಗೆದು ನೋಡಿದಳು. ಒಳಗೆ ಒಂದು ನೂಲು, ಅದರ ಸುತ್ತ ಸುರುಳಿಯಾಗಿ ಸುತ್ತಿದ ಹೊಳೆಯುವ ತಗಡು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿಗೆ ತೊಟ್ಟಿಲಲ್ಲಿ ಮಲಗಿ ಬೆಳೆದವಳಿಗೆ ಇದು ಏನೆಂದು ಯಾರೂ ಹೇಳಬೇಕಿರಲಿಲ್ಲ.

“ಬೈರೇಶ್, ಇದು ಜರಿ.”

“ಏನು?”

“ಜರಿ. ಸೀರೆ ಅಂಚಿಗೆ ಹಾಕೋದು. ಅದೂ ಕಡಿಮೆ ದರ್ಜೆದು.”

ಮೂವರು ಗಂಡಸರೂ ಎಂಜಿನ್ನನ್ನು ನೋಡಿದರು. ಅದು ಸೀರೆ ಉಡುವ ಎಂಜಿನ್ನಿನ ಹಾಗೆ ಕಾಣಿಸಲಿಲ್ಲ.

“ನಿನ್ನ ಸೆರಗೇನಾದ್ರೂ...” ಎಂದು ಕ್ಯಾಪ್ಟನ್ ಶುರುಮಾಡಿ, ಅವಳು ಹಾಕಿದ್ದ ಪ್ಯಾಂಟು ಶರ್ಟು ನೋಡಿ ಅಲ್ಲೇ ನಿಲ್ಲಿಸಿದರು.

ಪದ್ಮಶ್ರೀಯ ತಲೆ ಈಗ ಹೆದರಿಕೆ ಮರೆತು ಕೆಲಸಕ್ಕೆ ಇಳಿದಿತ್ತು. ಬಟ್ಟಲಲ್ಲಿ ಸಿಕ್ಕಿದ್ದು ಚಿಟಿಕೆ ಧೂಳು. ಇಷ್ಟಕ್ಕೆ ಎಂಜಿನ್ ಉಸಿರು ಕಟ್ಟುವುದಿಲ್ಲ. ಉಸಿರು ಕಟ್ಟಿಸುವಷ್ಟು ಇದ್ದರೆ ಅದು ಬಟ್ಟಲಿಗಿಂತ ಹಿಂದೆ, ಎಲ್ಲೋ ಟ್ಯಾಂಕಿನ ಬಾಯಲ್ಲೇ ಇರಬೇಕು. ಯಾವ ಟ್ಯಾಂಕು? ಹಿಂದಿನ ವಾರ ಕ್ಯಾಪ್ಟನ್ನರ ಕೈ ಮಧ್ಯದಲ್ಲೆಲ್ಲೋ ಆಡಿದ್ದು ನೆನಪಾಯಿತು.

“ಸರ್, ಹೋದ ವಾರ ಕೆಮ್ಮಿದಾಗ ನೀವು ತಿರುಪು ತಿರುಗಿಸಿದ್ರಾ?”

“ಯಾವ ತಿರುಪು?”

“ಟ್ಯಾಂಕಿಂದು.”

“ತಿರುಗಿಸಿರ್ತೀನಿ. ಎಂಜಿನ್ ಕೆಮ್ಮಿದ್ರೆ ಮೊದಲು ಟ್ಯಾಂಕ್ ಬದಲಾಯಿಸ್ಬೇಕು. ಅದನ್ನೇನು ಯೋಚನೆ ಮಾಡ್ತಾರೇನಮ್ಮ, ಕೈ ತಾನಾಗೇ ಹೋಗುತ್ತೆ.”

“ಎಡಕ್ಕೆ ತಿರುಗಿಸಿದ್ರಿ.”

“ನಾನು ಯಾವಾಗ್ಲೂ ಎಡ ಟ್ಯಾಂಕಲ್ಲೇ ಹಾರ್ಸೋದು. ಬಲಗಡೆದು ರಿಸರ್ವ್ ಇದ್ದಂಗೆ. ನನ್ನ ಹಳೇ ಸ್ಕೂಟರ್ ಕಾಲದಿಂದ ಬಂದ ಅಭ್ಯಾಸ.”

“ನಾನು ಯಾವಾಗ್ಲೂ ಬಲ ಟ್ಯಾಂಕಲ್ಲಿ ಹೊರಡೋದು. ಯಾವುದರಲ್ಲಿ ಪೆಟ್ರೋಲ್ ಜಾಸ್ತಿ ಇದೆಯೋ ಅದರಲ್ಲಿ ಹೊರಡಿ ಅಂತ ಪುಸ್ತಕದಲ್ಲಿದೆ. ನಾನು ಬಂದಾಗಲೆಲ್ಲ ಬಲಗಡೆದೇ ತುಂಬಿರುತ್ತೆ.” ಪದ್ಮಶ್ರೀ ಬೈರೇಶನ ಕಡೆ ತಿರುಗಿದಳು. “ನೀನು ಎಂಜಿನ್ ಓಡಿಸಿ ನೋಡಿದ್ದು ಯಾವ ಟ್ಯಾಂಕಲ್ಲಿ?”

“ಎಡಗಡೇದ್ರಲ್ಲಿ,” ಎಂದ ಬೈರೇಶ್, ಆಗಲೇ ಸ್ಪ್ಯಾನರ್ ಹುಡುಕುತ್ತ.

ಬಟ್ಟಲು ಜೋಡಿಸಿ, ಎಂಜಿನ್ನಿಗೆ ಹೋಗುವ ಕೊಳವೆಯ ತುದಿಯನ್ನು ಬಿಚ್ಚಿ ಖಾಲಿ ಕ್ಯಾನಿಗೆ ಬಿಟ್ಟರು. ತಿರುಪು ಎಡಕ್ಕೆ ಹಾಕಿ, ಒಳಗಿನ ಸಣ್ಣ ಎಲೆಕ್ಟ್ರಿಕ್ ಪಂಪನ್ನು ಚಾಲೂ ಮಾಡಿದರು. ಪೆಟ್ರೋಲು ಸೀಮೆಹಸುವಿನ ಕೆಚ್ಚಲಿನಿಂದ ಬಂದ ಹಾಗೆ ಸರ್ರನೆ ಬಂತು, ಬರುತ್ತಲೇ ಇತ್ತು. ತಿರುಪು ಬಲಕ್ಕೆ ಹಾಕಿದರು. ಮೊದಲು ಹಾಗೇ ಸರ್ರನೆ ಬಂತು. ಕ್ಯಾಪ್ಟನ್, “ಇನ್ನೇನು...” ಎಂದು ಬಾಯಿ ತೆರೆಯುವಷ್ಟರಲ್ಲಿ ಧಾರೆ ಸಣ್ಣಗಾಯಿತು. ಇನ್ನೂ ಸಣ್ಣಗಾಗಿ ದಾರದಂತಾಯಿತು. ಕೊನೆಗೆ ತೊಟ್ಟು ತೊಟ್ಟಾಗಿ, ಜಿಪುಣರ ಮನೆಯ ತುಪ್ಪದ ಹಾಗೆ, ಬೀಳಲೋ ಬೇಡವೋ ಎಂದು ಬಿತ್ತು. ಪಂಪು ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರೆ ಮತ್ತೆ ಸರ್ರನೆ ಬಂತು, ಮತ್ತೆ ಬಡಕಲಾಯಿತು.

“ಎಳೆದಾಗ ಏನೋ ಬಂದು ಬಾಯಿಗೆ ಕೂರ್ತೈತೆ. ಬಿಟ್ರೆ ತೇಲ್ಕೊಂಡು ಹೋಗ್ತೈತೆ,” ಎಂದ ಬೈರೇಶ್. ಈಗ ಅವನ ದನಿಯಲ್ಲಿ ‘ಮೇಡಮ್ಮೋರೆ’ ಇರಲಿಲ್ಲ. “ಮೇಲೇರುವಾಗ ಎಂಜಿನ್ ಜೋರಾಗಿ ಎಳೀತದೆ, ಅದಕ್ಕೇ ಅಲ್ಲೇ ಕೆಮ್ತಿತ್ತು. ಕೆಳಗೆ ಬಂದು ಬಿಚ್ಚಿ ನೋಡೋ ಹೊತ್ತಿಗೆ ಬಾಯಿ ಖಾಲಿ.”

ಬಲ ಟ್ಯಾಂಕನ್ನು ಬರಿದು ಮಾಡಿ, ಅದರ ತಳದಲ್ಲಿದ್ದ ಬೆರಳುದ್ದದ ಜಾಲರಿಯನ್ನು ಬಿಚ್ಚಿ ತೆಗೆದಾಗ ಅದು ಜಾಲರಿಯ ಹಾಗಿರಲಿಲ್ಲ. ಸ್ವೆಟರ್ ತೊಟ್ಟ ಬೆರಳಿನ ಹಾಗಿತ್ತು. ಬಿಳಿ ನೂಲಿನ ಎಳೆಗಳು ಒಂದರೊಳಗೊಂದು ಹೆಣೆದುಕೊಂಡು ದಪ್ಪಗೆ ಕೂತಿದ್ದವು. ಅಲ್ಲಲ್ಲಿ ಜರಿ. ಅದನ್ನು ನೋಡುವುದಕ್ಕೆ ಬಗ್ಗಿದ ನಾಲ್ಕು ತಲೆಗಳಲ್ಲಿ ಒಂದು ಮೆಲ್ಲಗೆ ಹಿಂದಕ್ಕೆ ಸರಿಯಿತು.

“ಮಾವ,” ಎಂದಳು ಪದ್ಮಶ್ರೀ.

ಆಂಜಿನಪ್ಪ ಗಾಳಿಚೀಲವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

“ಮಾವ, ನನಗೆ ಪೆಟ್ರೋಲ್ ಹೇಗೆ ಹಾಕ್ತೀಯ?”

“ನೀನು ಹೇಳಿದಂಗೇ ಹಾಕೋದು ಕಣವ್ವ.”

“ನಾನು ಹೇಗೆ ಹೇಳಿದ್ದೆ?”

“ಬಂದಾಗಲೆಲ್ಲ ಹೇಳ್ತಿದ್ದಲ್ಲ, ಮಾವ, ಚೆನ್ನಾಗಿ ಸೋಸಿ ಹಾಕು, ಚೆನ್ನಾಗಿ ಸೋಸಿ ಹಾಕು ಅಂತ. ಮಿಕ್ಕಿದೋರು ಯಾರೂ ಹೇಳಲ್ಲ. ಅವರಿಗೆ ಹಂಗೇ ಸುರೀತೀನಿ. ನಿನಗೆ ಸೋಸಿ ಹಾಕ್ತೀನಿ.”

“ಆಲಿಕೆಯಲ್ಲೇ ಜಾಲರಿ ಇದೆಯಲ್ಲ ಮಾವ. ನಾನು ಹೇಳಿದ್ದು ಅದರಲ್ಲಿ.”

“ಅದರಾಗಾ?” ಆಂಜಿನಪ್ಪನಿಗೆ ನಿಜವಾಗಿಯೂ ಅವಮಾನವಾಯಿತು. “ಅದರಾಗೆ ಟೀ ಸೋಸ್ಬೋದು. ತುಪ್ಪ ಸೋಸ್ತೀವಿ, ಹರಳೆಣ್ಣೆ ಸೋಸ್ತೀವಿ, ಯಾವುದರಾಗೆ ಸೋಸ್ತೀವಿ? ಪಂಚೆಯಾಗೆ ತಾನೆ. ನೀನು ಚೆನ್ನಾಗಿ ಅಂದ್ರೆ ನಾನು ಇನ್ನೇನು ತಿಳ್ಕೊಳ್ಳಲಿ? ಅದೂ ಹಳೇ ಪಂಚೆ ಅಲ್ಲ. ಅಕ್ಕನ ಮಗಳು ಆಕಾಸಕ್ಕೆ ಹೋಗ್ತಾಳೆ, ಉಟ್ಟ ಬಟ್ಟೇಲಿ ಸೋಸಬಾರದು ಅಂತ ಹೊಸದನ್ನೇ ಬಿಚ್ಚಿದ್ದೀನಿ. ನೀರು ಕೂಡ ಮುಟ್ಟಿಸಿಲ್ಲ.”

ಅವನು ಶೆಡ್ಡಿನ ಹಿಂದೆ ಹೋಗಿ ತಂದ. ನಾಲ್ಕು ಮಡಿಕೆ ಮಾಡಿದ ಬಿಳಿ ಪಂಚೆ, ಎರಡು ಬೆರಳಗಲದ ಜರಿ ಅಂಚು. ಮದುವೆಗಳಲ್ಲಿ ಮುಯ್ಯಿಗೆಂದು ಕೊಡುವ ಜಾತಿಯದು. ಈ ಸೀಮೆಯಲ್ಲಿ ಅಂಥ ಪಂಚೆಯನ್ನು ಯಾರೂ ಉಡುವುದಿಲ್ಲ. ಒಂದು ಮದುವೆಯಲ್ಲಿ ಬಂದದ್ದನ್ನು ಮಡಿಕೆ ಬಿಚ್ಚದೆ ಬೀರುವಿನಲ್ಲಿಟ್ಟು ಇನ್ನೊಂದು ಮದುವೆಯಲ್ಲಿ ದಾಟಿಸುತ್ತಾರೆ. ಹಾಗೆ ದಾಟಿ ದಾಟಿ ಹೊಸಕೋಟೆಯಿಂದ ನೆಲಮಂಗಲದವರೆಗೆ ತಾಲ್ಲೂಕು ತಾಲ್ಲೂಕು ತಿರುಗುವ ಪಂಚೆಯನ್ನು ಬಿಚ್ಚಿ ಒಂದು ಕೆಲಸಕ್ಕೆ ಹಚ್ಚಿದ ಮೊದಲ ಮನುಷ್ಯ ಬಹುಶಃ ಆಂಜಿನಪ್ಪನೇ. ಅದು ಕೆಲಸ ಮಾಡಲು ಹುಟ್ಟಿದ ಬಟ್ಟೆಯಲ್ಲ. ಮುಟ್ಟಿದರೆ ಗಂಜಿ ಉದುರುತ್ತಿತ್ತು, ಎಳೆದರೆ ನೂಲು ಬರುತ್ತಿತ್ತು.

ಪದ್ಮಶ್ರೀ ಅಂಚನ್ನು ತಿರುಗಿಸಿ ನೋಡಿದಳು. ಆ ಜರಿಯ ಮೇಲಿನ ನವಿಲು ಹೂಕೋಸಿನ ಹಾಗಿತ್ತು. ಅಂಥ ನವಿಲನ್ನು ಒಮ್ಮೆ ನೋಡಿದರೆ ಯಾರೂ ಮರೆಯುವುದಿಲ್ಲ.

“ಇದು ನಮ್ಮಣ್ಣನ ಮದುವೇಲಿ ಕೊಟ್ಟಿದ್ದಲ್ವಾ ಮಾವ?”

“ನಿಮ್ಮಮ್ಮನೇ ಕೈಯಾರೆ ಕೊಟ್ಟಿದ್ದು. ಒಳ್ಳೇ ಪಂಚೆ ಕಣೋ ಆಂಜಿನಪ್ಪ, ಜೋಪಾನ ಅಂತಾನೂ ಹೇಳಿದ್ಲು.”

“ಬಲಗಡೆ ಟ್ಯಾಂಕಿಗೇ ಯಾಕೆ ಹಾಕ್ತಿದ್ದೆ?” ಎಂದ ಬೈರೇಶ್, ಜಾಲರಿಯಿಂದ ಎಳೆಗಳನ್ನು ಕೀಳುತ್ತ.

“ಮತ್ತೆ? ಒಳ್ಳೇ ಕೆಲಸಕ್ಕೆ ಹೊಂಟ ಹುಡುಗಿಗೆ ಎಡಗಡೆಯಿಂದ ಹಾಕಾರಾ?”

ಕ್ಯಾಪ್ಟನ್ ಕಾಫಿ ಲೋಟದೊಳಗೆ ಏನೋ ಬಿದ್ದಿದೆಯೇನೋ ಎಂಬಂತೆ ನೋಡುತ್ತಿದ್ದರು. ಪದ್ಮಶ್ರೀಗೆ ಒಂದು ಕ್ಷಣ ಅಳು ಬಂದ ಹಾಗಾಯಿತು, ಆಮೇಲೆ ನಗು; ಎರಡರಲ್ಲಿ ಯಾವುದು ಮೊದಲು ಎಂದು ಅವಳು ಯೋಚಿಸುವಷ್ಟರಲ್ಲಿ ಬೈರೇಶ್ ನಕ್ಕುಬಿಟ್ಟ. ಅವಳ ಎಚ್ಚರಿಕೆಯೇ ಹುಂಜದ ಗಂಟಲು ಕಟ್ಟಿತ್ತು. ಇಷ್ಟು ಜನ ಇಷ್ಟು ಜಾಗ್ರತೆಯಿಂದ ಸೇರಿ ಒಂದು ಎಂಜಿನ್ನನ್ನು ಕೆಮ್ಮಿಸಬಹುದು ಎಂದು ಅವಳ ಕಾರ್ಖಾನೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಕೈಗುಣದ ಲೆಕ್ಕ ನೋಡಿದರೆ ಸುಳ್ಳೂ ಅಲ್ಲ. ಕೈ ಮಾತ್ರ ಬೇರೆಯವರದು.

“ಒಣ ಬಟ್ಟೆ, ಪೆಟ್ರೋಲು, ಉಜ್ಜಿ ಉಜ್ಜಿ ಕಿಡಿ ಬಂದಿದ್ರೆ?” ಎಂದರು ಕ್ಯಾಪ್ಟನ್ ಕೊನೆಗೆ. “ನೀನೂ ಆಕಾಶಕ್ಕೆ ಹೋಗ್ತಿದ್ದೆ ಆಂಜಿನಪ್ಪ, ಟಿಕೆಟ್ ಇಲ್ಲದೆ.”

“ಗೊತ್ತಾಗ್ಲಿಲ್ಲ ಸಾಮಿ,” ಎಂದ ಆಂಜಿನಪ್ಪ. ಮುಖ ಪೂರ್ತಿ ಇಳಿದುಹೋಗಿತ್ತು. ಪದ್ಮಶ್ರೀಯ ಹತ್ತಿರ ಬಂದು ದನಿ ತಗ್ಗಿಸಿದ. “ನಿಮ್ಮಮ್ಮಂಗೆ ಹೇಳ್ಬೇಡ ಮಗ. ಪಂಚೆ ಹಿಂಗೆ ಮಾಡಿದ್ದು ಗೊತ್ತಾದ್ರೆ...”

“ವಿಮಾನ ಹಿಂಗೆ ಮಾಡಿದ್ದು?”

“ಅದು ಹೇಳಿದ್ರೂ ಪರವಾಗಿಲ್ಲ.”

ಬೈರೇಶ್ ಎರಡೂ ಟ್ಯಾಂಕಿನ ಜಾಲರಿ ತೊಳೆದು, ಬಟ್ಟಲು ತೊಳೆದು, ಕೊಳವೆಗೆ ಗಾಳಿ ಹೊಡೆದು, ಬಲ ಟ್ಯಾಂಕನ್ನು ಮೂರು ಸಲ ಕುಲುಕಿ ಬರಿದು ಮಾಡಿ ಎಲ್ಲವನ್ನೂ ಜೋಡಿಸುವ ಹೊತ್ತಿಗೆ ಅವನ ಇಡ್ಲಿ ತಣ್ಣಗಾಗಿ ಕಲ್ಲಾಗಿತ್ತು. ಪದ್ಮಶ್ರೀ ಪಕ್ಕದಲ್ಲೇ ನಿಂತು ಪ್ರತಿಯೊಂದು ಸ್ಕ್ರೂ ಬಿಗಿಯಾಯಿತೇ ಎಂದು ಕೇಳಿದಳು. ಇವತ್ತು ಅವನು ಪ್ರತಿ ಸಲವೂ ನೆಟ್ಟಗೆ ಉತ್ತರ ಕೊಟ್ಟ.

ಪೆಟ್ರೋಲ್ ತುಂಬುವಾಗ ಅವಳು ಒಂದು ಕ್ಷಣ ನಿಂತು ಮಾತನ್ನು ಆರಿಸಿಕೊಂಡಳು. ಒಂದು ‘ಚೆನ್ನಾಗಿ’ಗೆ ಇಷ್ಟು ಬೆಲೆ ಎಂದು ಈಗ ಗೊತ್ತಿತ್ತು.

“ಮಾವ, ಆಲಿಕೆ ಜಾಲರಿಯಲ್ಲಿ ಸೋಸು. ಅದರ ಮೇಲೆ ಏನೂ ಹಾಕಬೇಡ, ಕೆಳಗೆ ಏನೂ ಹಾಕಬೇಡ. ಪ್ರೀತಿ ಇದ್ರೆ ಮನಸ್ಸಲ್ಲೇ ಇಟ್ಕೊ.”

“ಯಾವ ಟ್ಯಾಂಕಿಗೆ?”

“ಎರಡಕ್ಕೂ. ಸಮನಾಗಿ.”

ಕ್ಯಾಪ್ಟನ್ ಮೊದಲು ಅವಳ ಪಕ್ಕ ಕೂತರು. ತಿರುಪು ಬಲಕ್ಕೆ ಹಾಕಿ ಅವಳು ಹೊರಟಳು. ದ್ರಾಕ್ಷಿ ತೋಟದ ಬೇಲಿ ಬಂತು, ಹೋಯಿತು. ಕ್ಯಾಪ್ಟನ್ನರ ಕೈ ಒಮ್ಮೆ ತಾನಾಗೇ ಎದ್ದು ಮಧ್ಯಕ್ಕೆ ಬಂತು. ಅವರು ಅದನ್ನು ಇನ್ನೊಂದು ಕೈಯಲ್ಲಿ ಹಿಡಿದು ತೊಡೆಯ ಮೇಲೆ ಕೂರಿಸಿಕೊಂಡರು. ಹುಂಜ ಎಲ್ಲೂ ತಡವರಿಸದೆ ರಾಜಘಟ್ಟದ ಮೇಲೆ ತಿರುಗಿ ಬಂದು ಇಳಿಯಿತು. ಶೆಡ್ಡಿನ ಮುಂದೆ ಕ್ಯಾಪ್ಟನ್ ಬೆಲ್ಟು ಬಿಚ್ಚಿ, ಬಾಗಿಲು ತೆರೆದು ಕೆಳಗಿಳಿದರು.

“ಹೋಗಿ ಬಾ,” ಎಂದರು. ಬಾಗಿಲು ಹಾಕಿ, ಒಮ್ಮೆ ಎಳೆದು ನೋಡಿ, ಸರಿಯಾಗಿ ಕೂತಿದೆಯೇ ಎಂದು ಇನ್ನೊಮ್ಮೆ ಎಳೆದು ನೋಡಿದರು. ಆ ಮನುಷ್ಯ ಹಾಗೆ ಮಾಡಿದ್ದನ್ನು ಪದ್ಮಶ್ರೀ ಅದುವರೆಗೆ ನೋಡಿರಲಿಲ್ಲ.

ಪಕ್ಕದ ಸೀಟು ಖಾಲಿಯಾದ ಮೇಲೆ ಹುಂಜ ಹಗುರಾಗಿತ್ತು. ರನ್‌ವೇಯ ಅರ್ಧಕ್ಕೇ ನೆಲ ಬಿಟ್ಟಿತು. ಪದ್ಮಶ್ರೀಯ ಕಣ್ಣು ಮುಳ್ಳಿನ ಮೇಲೆ, ಕಿವಿ ಎಂಜಿನ್ನಿನ ಮೇಲೆ, ಒಂದು ಕೈ ಕೋಲಿನ ಮೇಲೆ, ಇನ್ನೊಂದು ತಿರುಪಿನ ಪಕ್ಕದಲ್ಲೇ ಕಾಯುತ್ತ ಕೂತಿತ್ತು. ಕೆಳಗೆ ದ್ರಾಕ್ಷಿ ಚಪ್ಪರಗಳು ಬಾಚಿದ ತಲೆಯ ಹಾಗೆ ಸಾಲುಸಾಲಾಗಿ ಸರಿದವು. ಬೇಲಿ ಬಂತು. ಅವಳು ಉಸಿರು ಹಿಡಿದಳು. ಎಂಜಿನ್ ಹಿಡಿಯಲಿಲ್ಲ, ಅದರ ಪಾಡಿಗೆ ಅದು ಒಂದೇ ಶ್ರುತಿಯಲ್ಲಿ ಹಾಡಿಕೊಂಡು ಬೇಲಿಯನ್ನು ದಾಟಿತು, ಅದರಾಚೆಯ ರಾಗಿ ಹೊಲವನ್ನು ದಾಟಿತು, ಕೆರೆ ಏರಿಯನ್ನು ದಾಟಿತು.

ಕೆಳಗಿನವರಿಗೆ ವರದಿ ಕೊಡಬೇಕಿತ್ತು. ಹಿಡಿದ ಉಸಿರನ್ನು ಒಮ್ಮೆಲೇ ಬಿಟ್ಟು ಅವಳು ರೇಡಿಯೋದ ಗುಂಡಿ ಒತ್ತಿದಳು. ಬೆಳಗಿನಿಂದ ನೀರು ಕುಡಿದಿರದ ಗಂಟಲು ಆಗಲೇ ಕೈಕೊಟ್ಟಿತು. ಮಾತಿನ ಬದಲು ಎರಡು ಗಟ್ಟಿ ಕೆಮ್ಮು ಕೆಳಗೆ ಹೋಯಿತು.

ಶೆಡ್ಡಿನ ಮುಂದೆ ರೇಡಿಯೋ ಸುತ್ತ ನಿಂತಿದ್ದ ಮೂವರೂ ಆಕಾಶದತ್ತ ಕತ್ತೆತ್ತಿದರು. ಆಮೇಲೆ ಕ್ಯಾಪ್ಟನ್ನರ ದನಿ ಬಹಳ ಮೆಲ್ಲಗೆ, ಹೆದರಿಕೊಂಡೇ ಕೇಳಿತು:

“ಯಾರಮ್ಮ ಕೆಮ್ಮಿದ್ದು?”

“ನಾನು ಸರ್,” ಎಂದಳು ಪದ್ಮಶ್ರೀ, ರಾಜಘಟ್ಟದ ಮೇಲೆ ನಿಧಾನವಾಗಿ ಎಡಕ್ಕೆ ತಿರುಗುತ್ತ. “ಈ ಸಲ ನಾನೇ.”